ತೋಡು ಕಾಯುವ ತಂಡ ಕಟ್ಟುವುದು ಹೇಗೆ? ಉಡುಪಿ, ಮಂಗಳೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಮೇ ತಿಂಗಳಲ್ಲಿ ನನಗೆ ಒಂದೇ ತರದ ಫೋನ್ ಬರುತ್ತದೆ. "ನಮ್ಮೂರ ತೋಡು ಕ್ಲೀನ್ ಮಾಡ್ಬೇಕು, ಐವತ್ತು ಜನ ರೆಡಿ ಇದ್ದಾರೆ, ಎಲ್ಲಿಂದ ಶುರು ಮಾಡೋದು?" ಆಗಸ್ಟ್ ಹೊತ್ತಿಗೆ ಅದೇ ಜನರಿಂದ ಇನ್ನೊಂದು ಫೋನ್. ತೋಡು, ಅಂದರೆ ಊರಿನ ಸಣ್ಣ ಹಳ್ಳ, ಮೊದಲಿನ ಹಾಗೇ ಆಗಿದೆ. ಐವತ್ತರಲ್ಲಿ ನಾಲ್ಕು ಜನ ಉಳಿದಿದ್ದಾರೆ.

ಇವರಿಗೆಲ್ಲ ಆಸಕ್ತಿ ಇತ್ತು, ಗ್ಲೌಸ್ ಇತ್ತು, ಊರಿನ ಬೆಂಬಲವೂ ಇತ್ತು. ತಪ್ಪಿದ್ದು ಕೆಲಸದ ಕ್ರಮ. ಕಸ ಹೆಕ್ಕುವುದನ್ನು ಮೊದಲು ಇಟ್ಟರು. ತೋಡನ್ನು ನೋಡಲು ಕಲಿಯುವುದನ್ನು ಬಿಟ್ಟೇಬಿಟ್ಟರು. ಕಸ ಎಲ್ಲಿಂದ ಬರುತ್ತದೆ, ಕೊಳಚೆ ಯಾವ ಪೈಪಿನಿಂದ ಇಳಿಯುತ್ತದೆ, ದಂಡೆ ಎಲ್ಲಿ ಕುಸಿಯುತ್ತದೆ ಎಂದು ಗೊತ್ತಿಲ್ಲದ ತಂಡ ಒಂದು ಭಾನುವಾರ ದುಡಿದು, ಎರಡನೇ ಭಾನುವಾರ ದಣಿದು, ಮೂರನೆಯದಕ್ಕೆ ಬರುವುದಿಲ್ಲ.

ಹಾಗಾಗಿ ಇಲ್ಲಿ ಕ್ಲೀನಿಂಗ್ ಕೊನೆಯ ಹಂತಗಳಲ್ಲಿ ಬರುತ್ತದೆ. ದಯವಿಟ್ಟು ಹಂತ ಹಾರಿಸಬೇಡಿ.

## ಹಂತ 1: ಸರಿಯಾದ ತಿಂಗಳು ಆರಿಸಿ

ತರಬೇತಿ ಶುರು ಮಾಡಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರ. ನೀರು ತಿಳಿಯಾಗಿರುತ್ತದೆ, ಹರಿವು ಇರುತ್ತದೆ, ದಂಡೆಯಲ್ಲಿ ನಡೆಯಬಹುದು. ಜೂನ್‌ನಲ್ಲಿ ಶುರು ಮಾಡಿದರೆ ಕೆಂಪು ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ, ಅಪಾಯವೂ ಜಾಸ್ತಿ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಅರ್ಧ ತೋಡು ಒಣಗಿರುತ್ತದೆ.

ಸೆಪ್ಟೆಂಬರ್ ಕೂಡ ಬೇಡ. ಉಡುಪಿ ಪೇಟೆಗೆ ನೆರೆ ನುಗ್ಗಿದ್ದು 2020ರ ಸೆಪ್ಟೆಂಬರ್ 20ರಂದು. ಮಳೆ ಮುಗಿಯಿತು ಎಂದು ನಾವು ಅಂದುಕೊಳ್ಳುವ ಹೊತ್ತು ಅದು.

## ಹಂತ 2: ಚಿಕ್ಕ ತುಂಡು, ಚಿಕ್ಕ ತಂಡ

ಇಡೀ ಹೊಳೆ ಉಳಿಸುತ್ತೇವೆ ಎಂದು ಹೊರಡಬೇಡಿ. ಒಂದು ಸಂಕದಿಂದ (ಕಿರುಸೇತುವೆ) ಇನ್ನೊಂದು ಸಂಕದವರೆಗೆ, ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಸಾಕು. ಹನ್ನೆರಡು ಜನರ ತಂಡ ಇಷ್ಟನ್ನು ಎರಡು ಗಂಟೆಯಲ್ಲಿ ನಿಧಾನವಾಗಿ ನಡೆದು ಮುಗಿಸಬಹುದು.

ಯಾರು ಬೇಕು? ತೋಡಿನ ಪಕ್ಕದ ಮನೆಯವರು ಇಬ್ಬರಾದರೂ ಬೇಕು. ಹಿಂದೆ ಕಟ್ಟ (ಬೇಸಿಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟುತ್ತಿದ್ದ ಹಿರಿಯರು ಒಬ್ಬರು ಬೇಕು. ತೋಟಕ್ಕೆ ಮದ್ದು ಬಿಡುವವರು, ಗಾಳ ಹಾಕುವವರು, ಶಾಲೆಯ ಒಬ್ಬ ಟೀಚರ್, ಮೊಬೈಲಲ್ಲಿ ಕೈ ಪಳಗಿದ ಇಬ್ಬರು ಹುಡುಗ ಹುಡುಗಿಯರು. ಮನೆಯಲ್ಲಿ ಇರುವ ಹೆಂಗಸರನ್ನು ಖಂಡಿತ ಸೇರಿಸಿ. ಹಗಲು ಹೊತ್ತಲ್ಲಿ ಟ್ಯಾಂಕರ್ ಬಂದು ನಿಂತದ್ದು, ರಾತ್ರಿ ಯಾವಾಗ ವಾಸನೆ ಬರುತ್ತದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ.

ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರು ಜನ ಇರುವುದನ್ನು ತಂಡ ಎಂದು ಲೆಕ್ಕ ಹಾಕಬೇಡಿ. ತೋಡಿನ ಬಳಿ ಮೂರು ಸಲ ಬಂದವರು ಮಾತ್ರ ತಂಡ.

## ಹಂತ 3: ಸಾಮಾನು ಸೇರಿಸಿ

ದುಬಾರಿ ಉಪಕರಣ ಬೇಡ. ಇಷ್ಟಿದ್ದರೆ ಆಯಿತು: ಗಟ್ಟಿ ರಟ್ಟಿನ ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ನೀರಿಗೆ ಕದಡುತ್ತದೆ), 30 ಮೀಟರ್ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲ್, ಸೆಂಟಿಮೀಟರ್ ಗೆರೆ ಹಾಕಿದ ಒಂದು ಕೋಲು, ಬಿಳಿ ಪ್ಲಾಸ್ಟಿಕ್ ತಟ್ಟೆ, ಸಣ್ಣ ಕಣ್ಣಿನ ಬಲೆ, ಪಾರದರ್ಶಕ ಗಾಜಿನ ಬಾಟಲಿ, ಥರ್ಮಾಮೀಟರ್, ಪಿಎಚ್ ಪಟ್ಟಿ (ನೀರು ಎಷ್ಟು ಹುಳಿ ಎಂದು ತೋರಿಸುವುದು), ಟಿಡಿಎಸ್ ಮೀಟರ್ (ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುವುದು). ಜೊತೆಗೆ ಗಮ್‌ಬೂಟ್, ದಪ್ಪ ಗ್ಲೌಸ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಸೋಪು, 20 ಮೀಟರ್ ಗಟ್ಟಿ ಹಗ್ಗ.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಕಿಟ್ ಸಿಕ್ಕರೆ ಒಳ್ಳೆಯದು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೇಳಿ ನೋಡಿ.

## ಹಂತ 4: ಮೊದಲ ಪಾಠ ಸುರಕ್ಷತೆ

ಇದನ್ನು ಮುಗಿಸದೆ ಯಾರನ್ನೂ ನೀರಿಗೆ ಇಳಿಸಬೇಡಿ.

ನೀರು ಮೊಣಕಾಲಿಗಿಂತ ಮೇಲಿದ್ದರೆ ಇಳಿಯುವುದಿಲ್ಲ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ರಾಶಿ ತೇಲಿ ಬಂದರೆ, ನೀವು ನಿಂತಲ್ಲಿ ಬಿಸಿಲಿದ್ದರೂ ತಕ್ಷಣ ಮೇಲೆ ಹತ್ತಿ. ಗುಡ್ಡದ ಕಡೆ ಮಳೆಯಾದದ್ದು ನಿಮಗೆ ಗೊತ್ತಾಗುವುದು ಹೀಗೆಯೇ. ಒಬ್ಬರೇ ಹೋಗುವ ಹಾಗಿಲ್ಲ, ಕನಿಷ್ಠ ಇಬ್ಬರು, ಅದರಲ್ಲಿ ಒಬ್ಬರು ದಂಡೆಯ ಮೇಲೆ. ಗಮ್‌ಬೂಟ್ ಒಳಗೆ ನೀರು ತುಂಬಿದರೆ ಕಾಲು ಎತ್ತಲು ಆಗುವುದಿಲ್ಲ. ಆಳ ಗೊತ್ತಿಲ್ಲದ ಕಡೆ ಕೋಲು ಊರಿ ನೋಡಿಯೇ ಹೆಜ್ಜೆ ಇಡಿ.

ಹೊರಗಿನಿಂದ ಬಂದವರಿಗೆ ಹೊಳೆಯದ ಒಂದು ಅಪಾಯ ನಮ್ಮಲ್ಲಿದೆ: ತೋಟದ ಪಂಪಿನ ವಯರು. ಅಡಿಕೆ ತೋಟದ ಬದಿಯಲ್ಲಿ ಹಳೇ ವಯರಿಗೆ ಟೇಪು ಸುತ್ತಿ ತೋಡಿನ ಅಂಚಿಗೆ ಎಳೆದಿರುತ್ತಾರೆ. ಪಂಪು ಕಂಡಲ್ಲಿ ತೋಟದವರನ್ನು ಕೇಳಿ, ಸ್ವಿಚ್ ಆಫ್ ಮಾಡಿಸಿ, ಆಮೇಲೆ ಇಳಿಯಿರಿ.

ಇನ್ನೊಂದು ಇಲಿಜ್ವರ. ಮಳೆಗಾಲ ಮತ್ತು ಅದರ ಹಿಂದೆಮುಂದೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಇದು ಬರುತ್ತದೆ. ಇಲಿ ಮೂತ್ರ ಸೇರಿದ ನೀರು, ಕೆಸರು ಗಾಯದ ಮೂಲಕ ಮೈಗೆ ಇಳಿದರೆ ಸಾಕು. ಕಾಲಲ್ಲಿ ಗಾಯ, ಬಿರುಕು ಇದ್ದವರು ಆ ದಿನ ದಂಡೆಯ ಮೇಲೆ ನೋಟ್‌ಬುಕ್ ಹಿಡಿಯಲಿ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈಕಾಲು ತೊಳೆಯಬೇಕು. ಮುಂದಿನ ಮೂರ್ನಾಲ್ಕು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ "ನಾನು ತೋಡಿಗೆ ಇಳಿದಿದ್ದೆ" ಎಂದು ಬಾಯಿಬಿಟ್ಟು ಹೇಳಬೇಕು. ಈ ಒಂದು ವಾಕ್ಯ ಹೇಳದೆ ಮಾಮೂಲಿ ಜ್ವರದ ಮಾತ್ರೆ ನುಂಗಿ ದಿನ ಕಳೆಯುವವರು ಇದ್ದಾರೆ. ಪ್ರತಿ ಸ್ವಯಂಸೇವಕರಿಂದ ಇದನ್ನು ಒಮ್ಮೆ ಜೋರಾಗಿ ಹೇಳಿಸಿ. ಮುಂಜಾಗ್ರತೆಯ ಮಾತ್ರೆ ಬೇಕೇ ಎಂಬುದನ್ನು ಡಾಕ್ಟರೇ ಹೇಳಲಿ.

## ಹಂತ 5: ಮೊದಲ ನಡಿಗೆ, ಕೆಳಗಿನಿಂದ ಮೇಲಕ್ಕೆ

ಮೊದಲ ಭಾನುವಾರ ಕೈಯಲ್ಲಿ ಚೀಲ ಬೇಡ. ಬೆಳಿಗ್ಗೆ ಏಳಕ್ಕೆ ಕೆಳಗಿನ ಸಂಕದ ಹತ್ತಿರ ಸೇರಿ, ಹರಿವಿಗೆ ಎದುರಾಗಿ ಮೇಲಕ್ಕೆ ನಡೆಯಿರಿ. ಮೇಲಿನಿಂದ ಕೆಳಕ್ಕೆ ನಡೆದರೆ ನೀವು ಕದಡಿದ ಕೆಸರು ನಿಮಗಿಂತ ಮುಂದೆ ಹೋಗುತ್ತದೆ, ನೋಡಬೇಕಾದ ನೀರು ಕಲಕಿಯೇ ಸಿಗುತ್ತದೆ.

ಎಡದಂಡೆ ಯಾವುದು, ಬಲದಂಡೆ ಯಾವುದು ಎಂದು ಮೊದಲೇ ಖಚಿತ ಮಾಡಿ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆ ಎಡದಂಡೆ. ನೀವು ನಡೆಯುವುದು ಇದಕ್ಕೆ ತಿರುಗಾ ಆದ್ದರಿಂದ ಎಲ್ಲರೂ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ಮೊದಲ ವರ್ಷದ ನೋಟ್‌ಬುಕ್ಕಿನಲ್ಲಿ ಅರ್ಧ ಪೈಪುಗಳು ತಪ್ಪು ದಂಡೆಯಲ್ಲಿವೆ. ಅವನ್ನು ಸರಿಪಡಿಸಲು ಮತ್ತೆ ಪೂರ್ತಿ ನಡೆಯಬೇಕಾಯಿತು.

ನಡೆಯುವಾಗ ನಾಲ್ಕು ವಿಷಯ ಮಾತ್ರ ಬರೆಯಿರಿ: ತೋಡಿಗೆ ಇಳಿಯುವ ಪ್ರತಿ ಪೈಪು ಮತ್ತು ಚರಂಡಿ, ಕುಸಿದ ದಂಡೆ, ಕಸ ಸುರಿಯುವ ಜಾಗ, ಬದಿಯ ಪೊದೆ ಮರ ಇರುವ ಮತ್ತು ಇಲ್ಲದ ಭಾಗ. ಎಲ್ಲದಕ್ಕೂ ನಂಬರ್ ಕೊಡಿ. ಪೈಪು 1, ಪೈಪು 2, ಹೀಗೆ. ಈ ನಂಬರ್ ಮುಂದೆ ಎಂದೂ ಬದಲಾಗಬಾರದು.

ಮೀನು, ಏಡಿ, ಮಿಂಚುಳ್ಳಿ, ಕೊಕ್ಕರೆ ಕಂಡರೆ ಅದನ್ನೂ ಬರೆಯಿರಿ. ಮಾತು ಕಡಿಮೆ ಇರಲಿ. ಕೊನೆಯ ಹತ್ತು ನಿಮಿಷ ಎಲ್ಲರೂ ಒಂದೇ ಕಡೆ ಕೂತು ಸುಮ್ನೆ ನೋಡಿ. ಹೆಚ್ಚಿನವರು ಚಿಕ್ಕಂದಿನ ಮೇಲೆ ಹೀಗೆ ತೋಡಿನ ಪಕ್ಕ ಕೂತಿರುವುದೇ ಇಲ್ಲ. ಒಂದು ಸಲ ಕೂತ ಮೇಲೆ ಅವರೇ ಮುಂದಿನ ವಾರ ಫೋನ್ ಮಾಡಿ ಕೇಳುತ್ತಾರೆ, ಯಾವಾಗ ಹೋಗೋದು ಅಂತ.

## ಹಂತ 6: ನಕ್ಷೆ ಬಿಡಿಸಿ

ಎರಡನೇ ಭಾನುವಾರ ಮನೆಯಂಗಳದಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ತೋಡನ್ನು ಬರೆಯಿರಿ. ಸಂಕ, ಮನೆ, ಗದ್ದೆ, ಬಾವಿ, ದೈವಸ್ಥಾನ, ಅಂಗಡಿ, ಪೈಪು ಎಲ್ಲ ಬರಲಿ. ಹಿರಿಯರಿಂದ ಹಳೆಯ ಕಟ್ಟದ ಜಾಗ, ಮುಚ್ಚಿಹೋದ ಮದಕ (ಸಣ್ಣ ಕೆರೆ), ಬೇಸಿಗೆಯಲ್ಲೂ ಒಸರು (ನೆಲದಿಂದ ಜಿನುಗುವ ನೀರು) ಬರುತ್ತಿದ್ದ ಜಾಗ ಕೇಳಿ ಗುರುತು ಹಾಕಿ.

ನಂತರ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಪಂಚಾಯತಿನಲ್ಲಿ ಗ್ರಾಮ ನಕ್ಷೆ ಕೇಳಿ. ತೋಡು ಪರಂಬೋಕು (ತೋಡಿಗೆಂದು ಬಿಟ್ಟ ಸರ್ಕಾರಿ ಜಾಗ) ಎಷ್ಟು ಅಗಲ, ಈಗ ಎಷ್ಟು ಉಳಿದಿದೆ ಎಂಬುದು ಆಗ ಗೊತ್ತಾಗುತ್ತದೆ. ಆದರೆ ಆ್ಯಪ್‌ನ ಗೆರೆ ಕೆಲವು ಮೀಟರ್ ಆಚೀಚೆ ಇರಬಹುದು. ಅದನ್ನು ಹಿಡಿದುಕೊಂಡು ನೆರೆಯವರ ಬೇಲಿಯ ಬಗ್ಗೆ ಜಗಳಕ್ಕೆ ಹೋಗಬೇಡಿ. ಅಳತೆ ಹೇಳಬೇಕಾದವರು ಸರ್ವೆಯರ್.

ನಕ್ಷೆಯ ಕೆಳತುದಿಯಲ್ಲಿ ಒಂದು ಬಾಣ ಹಾಕಿ, ಈ ತೋಡು ಯಾವ ಹೊಳೆಗೆ ಸೇರುತ್ತದೆ ಎಂದು ಬರೆಯಿರಿ. ಇಂದ್ರಾಣಿ, ಸ್ವರ್ಣಾ, ಸೀತಾ, ಉದ್ಯಾವರ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿ, ಯಾವುದೇ ಇರಲಿ. ಬಜೆ ಅಣೆಕಟ್ಟಿಗಿಂತ ಮೇಲೆ ಸ್ವರ್ಣಾ ನದಿಗೆ ಸೇರುವ ತೋಡಿನ ನೀರು ಉಡುಪಿಯ ನಳ್ಳಿಗೆ ಬರುತ್ತದೆ. ತುಂಬೆ ಅಣೆಕಟ್ಟಿಗಿಂತ ಮೇಲೆ ನೇತ್ರಾವತಿಗೆ ಸೇರುವ ತೋಡಿನದ್ದು ಮಂಗಳೂರಿನ ನಳ್ಳಿಗೆ. ಈ ಬಾಣ ಹಾಕಿದ ದಿನ ತಂಡದಲ್ಲಿ ಮಾತು ಬದಲಾಗುವುದನ್ನು ನಾನು ನೋಡಿದ್ದೇನೆ.

## ಹಂತ 7: ನೀರನ್ನು ಓದಲು ಕಲಿಸಿ

ಇಡೀ ತರಬೇತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಎರಡು ಭಾನುವಾರ ಪೂರ್ತಿ ಇದಕ್ಕೇ ಇಡಿ. ಮೀಟರ್ ಕೈಗೆ ಕೊಡುವ ಮೊದಲು ಕಣ್ಣು, ಮೂಗು ಪಳಗಬೇಕು.

ಕೊಳಚೆಯ ಗುರುತುಗಳು. ನೀರು ಅಕ್ಕಿ ತೊಳೆದ ನೀರಿನಂತೆ ಬೂದು ಬಣ್ಣ. ಕಲ್ಲಿನ ಮೇಲೆ ಹತ್ತಿಯಂತೆ ಬೂದುಬಿಳಿ ಲೋಳೆ. ಕೆಸರಿಗೆ ಕೋಲು ಚುಚ್ಚಿದರೆ ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ತುಂಬ ಹೊತ್ತು ಒಡೆಯದ, ಸೋಪಿನ ಪರಿಮಳ ಇರುವ ಬಿಳಿ ನೊರೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮೇಲಕ್ಕೆ ನಡೆದು, ಯಾವ ಪೈಪಿನ ಆಚೆ ಅದು ನಿಲ್ಲುತ್ತದೆ ನೋಡಿ.

ಕೊಳಚೆ ಎಂದು ಮೋಸ ಹೋಗುವಂಥವು. ನಮ್ಮದು ಮುರಕಲ್ಲಿನ ನೆಲ, ಕಬ್ಬಿಣದ ಅಂಶ ಜಾಸ್ತಿ. ಒಸರು ಬರುವ ಕಡೆ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ, ನೀರಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ತೆಳು ಪದರ ತೇಲುತ್ತದೆ. ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಸಹಜವಾದದ್ದು.

ಇದು ಗೊತ್ತಿಲ್ಲದೆ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ತೋಡಿನ ಪಕ್ಕದ ಒಂದು ಗ್ಯಾರೇಜಿನವರು ಆಯಿಲ್ ಬಿಡುತ್ತಿದ್ದಾರೆ ಎಂದು ಫೋಟೋ ಹೊಡೆದು ಊರೆಲ್ಲ ಹಂಚಿದೆವು. ಎರಡು ದಿನ ಬಿಟ್ಟು ವಿಷಯ ಗೊತ್ತಿದ್ದ ಒಬ್ಬ ಉಪನ್ಯಾಸಕರು ಬಂದರು. ಬಗ್ಗಿ ಕೂತು ಒಂದು ಕಡ್ಡಿಯಿಂದ ಆ ಪದರವನ್ನು ಮೆಲ್ಲಗೆ ತಟ್ಟಿದರು. ಅದು ಒಡೆದ ಗಾಜಿನ ಚೂರಿನಂತೆ ಮೂಲೆ ಮೂಲೆಯಾಗಿ ತುಂಡಾಯಿತು, ತುಂಡುಗಳು ಹಾಗೇ ದೂರ ದೂರ ತೇಲಿದವು. ಆಮೇಲೆ ಸ್ಕೂಟರಿನ ಎಂಜಿನಿಂದ ಒಂದು ಹನಿ ಆಯಿಲ್ ತಂದು ಪಕ್ಕದ ಗುಂಡಿಗೆ ಬಿಟ್ಟು ತಟ್ಟಿ ತೋರಿಸಿದರು. ಅದು ಸುತ್ತಿ ಸುಳಿದು ಮತ್ತೆ ಒಂದಾಯಿತು. ನಾವು ಗ್ಯಾರೇಜಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಆ ಮನುಷ್ಯನ ಮುಖ ನನಗೆ ಈಗಲೂ ನೆನಪಿದೆ. ಈ ಕಡ್ಡಿ ಪರೀಕ್ಷೆಯನ್ನು ಪ್ರತಿಯೊಬ್ಬರ ಕೈಯಿಂದಲೂ ಮಾಡಿಸಿ. ಆಯಿಲ್ ತೋರಿಸುವುದಿದ್ದರೆ ತಟ್ಟೆಯಲ್ಲಿ ನೀರು ಹಾಕಿ ತೋರಿಸಿ, ತೋಡಿಗೆ ಬೇಡ.

ಮೊದಲ ಮಳೆಗೆ ಸಣ್ಣ ಜಲಪಾತದ ಕೆಳಗೆ ಕಾಣುವ ಕಂದು ನೊರೆಯೂ ಹೆಚ್ಚಾಗಿ ಎಲೆ ಕೊಳೆತದ್ದರಿಂದ ಬರುವುದು. ಮಣ್ಣಿನ ವಾಸನೆ ಇರುತ್ತದೆ, ಕೈಯಲ್ಲಿ ಹಿಡಿದರೆ ಬೇಗ ಆರಿಹೋಗುತ್ತದೆ.

ಹುಳುಗಳು ಹೇಳುವುದು. ಒಬ್ಬರು ಬಲೆಯನ್ನು ಕೆಳಗಡೆ ಹಿಡಿಯಲಿ. ಇನ್ನೊಬ್ಬರು ಅರ್ಧ ಮೀಟರ್ ಮೇಲೆ ನಿಂತು ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಅಲುಗಾಡಿಸಲಿ. ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿಯಿರಿ. ಮೂರು ಬಾಲದ ಎಳೆ ಇರುವ, ಹೊಟ್ಟೆಯ ಬದಿಯಲ್ಲಿ ಕಿವಿರು ಅಲುಗಿಸುವ ಮರಿಗಳು, ಎರಡು ಬಾಲದವು, ಮರಳು ಮತ್ತು ಎಲೆ ಚೂರಿನಿಂದ ಗೂಡು ಕಟ್ಟಿಕೊಂಡ ಹುಳು, ಇವು ಕಂಡರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಏರೋಪ್ಲೇನ್ ಚಿಟ್ಟೆಯ ಮರಿ ಮಧ್ಯಮ ನೀರಿನಲ್ಲೂ ಬದುಕುತ್ತದೆ. ರಕ್ತಗೆಂಪು ದಾರದಂಥ ಹುಳುಗಳು ಮಾತ್ರ ತುಂಬಿ, ಬೇರೇನೂ ಇಲ್ಲದಿದ್ದರೆ ಅಲ್ಲಿಗೆ ಕೊಳಚೆ ಸೇರುತ್ತಿದೆ. ನೋಡಿದ ಮೇಲೆ ಎಲ್ಲವನ್ನೂ ಸಿಕ್ಕಿದಲ್ಲಿಗೇ ವಾಪಸ್ ಬಿಡಿ.

ಇದರಲ್ಲಿ ಸಾಮಾನ್ಯ ತಪ್ಪು ಎಂದರೆ ನಿಂತ ನೀರಿನಲ್ಲಿ ಬಲೆ ಹಾಕುವುದು. ಕಲ್ಲುಗಳ ನಡುವೆ ಜುಳುಜುಳು ಹರಿಯುವ ಕಡೆಯೇ ಹಾಕಬೇಕು.

## ಹಂತ 8: ಅಳತೆ

ಎರಡು ಜಾಗ ಸಾಕು. ಒಂದು ನಿಮ್ಮ ತುಂಡಿನ ಮೇಲ್ತುದಿ, ಒಂದು ಕೆಳತುದಿ. ತಿಂಗಳಿಗೆ ಎರಡು ಸಲ, ಯಾವಾಗಲೂ ಬೆಳಿಗ್ಗೆ ಏಳರಿಂದ ಎಂಟರೊಳಗೆ.

ಅದೇ ಹೊತ್ತು ಯಾಕೆ? ಪಾಚಿ, ಗಿಡಗಳು ಬಿಸಿಲಲ್ಲಿ ಆಮ್ಲಜನಕ ಬಿಡುತ್ತವೆ, ರಾತ್ರಿ ಎಳೆದುಕೊಳ್ಳುತ್ತವೆ. ಹಾಗಾಗಿ ಬೆಳಗಿನ ಜಾವ ಕಡಿಮೆ, ಮಧ್ಯಾಹ್ನ ಜಾಸ್ತಿ. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಸಂಜೆ ಅಳೆದರೆ ತೋಡು ಸುಧಾರಿಸಿತು ಎಂದು ಸುಳ್ಳು ಸಂತೋಷ ಆಗುತ್ತದೆ. 28 ಡಿಗ್ರಿ ಶಾಖದ ನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಹೊರಗೆ ಸ್ನಾನಕ್ಕೆ ತಕ್ಕ ನೀರಿನಲ್ಲಿ 5 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು ಎಂಬುದು ನಮ್ಮ ದೇಶದ ಮಾನದಂಡ. 3ಕ್ಕಿಂತ ಕೆಳಗೆ ಇಳಿದರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ.

ಪಿಎಚ್. ಪುಸ್ತಕದಲ್ಲಿ 6.5ರಿಂದ 8.5 ಎಂದಿರುತ್ತದೆ. ನಮ್ಮ ಮುರಕಲ್ಲಿನ ನೀರು ಸಹಜವಾಗಿಯೇ ಸ್ವಲ್ಪ ಹುಳಿ, ಬಾವಿಯಲ್ಲೂ 6ರ ಆಸುಪಾಸು ಕಾಣಬಹುದು. 6 ಬಂತೆಂದು ಗಾಬರಿ ಬೇಡ. ನಿಮ್ಮ ತೋಡಿನ ಮಾಮೂಲಿ ಎಷ್ಟು ಎಂದು ಮೂರು ತಿಂಗಳು ಬರೆದು ತಿಳಿದುಕೊಳ್ಳಿ. ಅದರಿಂದ ಒಂದು ಅಂಕಿ ಹಾರಿದರೆ ಆಗ ಹುಡುಕಿ.

ಟಿಡಿಎಸ್. ಗುಡ್ಡದಿಂದ ಬರುವ, ಉಪ್ಪು ಸೇರದ ನಮ್ಮ ತೋಡುಗಳಲ್ಲಿ ಇದು ಸಾಮಾನ್ಯವಾಗಿ 100ರ ಒಳಗೆ. ಮೇಲ್ತುದಿಯಲ್ಲಿ 60 ಇದ್ದು ಕೆಳತುದಿಯಲ್ಲಿ 250 ಆದರೆ ನಡುವೆ ಏನೋ ಸೇರುತ್ತಿದೆ. ಕಡಲಿಗೆ ಹತ್ತಿರ ಇರುವವರು ಎಚ್ಚರ. ಉಬ್ಬರ ಬಂದಾಗ ಉಪ್ಪುನೀರು ತೋಡಿಗೆ ನುಗ್ಗಿ ಅಂಕಿ ಸಾವಿರ ದಾಟುತ್ತದೆ. ಉಬ್ಬರವೋ ಇಳಿತವೋ ಎಂದು ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಇನ್ನೂ ಮೇಲೆ ಬರುತ್ತದೆ.

ಟಿಡಿಎಸ್ ಕಡಿಮೆ ಎಂದರೆ ಕುಡಿಯಬಹುದು ಎಂದು ಯಾರಿಗೂ ಹೇಳಬೇಡಿ. ರೋಗಾಣು ಈ ಮೀಟರಿಗೆ ಕಾಣುವುದಿಲ್ಲ. ಅದಕ್ಕೆ ಬೇರೆ ಪುಟ್ಟ ಬಾಟಲಿ ಬರುತ್ತದೆ. ನೀರು ತುಂಬಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲದ ರೋಗಾಣು ಇರುವ ಸೂಚನೆ.

ಹರಿವು. ನೇರವಾಗಿ ಹರಿಯುವ 10 ಮೀಟರ್ ಅಳೆದು ಎರಡು ಕೋಲು ನೆಡಿ. ಸಿಪ್ಪೆ ಸುಲಿಯದ ಕಿತ್ತಳೆ ಬಿಟ್ಟು ಸಮಯ ನೋಡಿ. ಎಲೆ ಬೇಡ, ಗಾಳಿಗೆ ಓಡುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 25 ಸೆಕೆಂಡ್ ಬಂತು ಅಂದುಕೊಳ್ಳಿ, ವೇಗ ಸೆಕೆಂಡಿಗೆ 0.4 ಮೀಟರ್. ತೋಡಿನ ಅಗಲ 1.5 ಮೀಟರ್, ಸರಾಸರಿ ಆಳ 0.2 ಮೀಟರ್ ಇದ್ದರೆ ಮೂರನ್ನೂ ಗುಣಿಸಿ, 0.12 ಘನ ಮೀಟರ್, ಅಂದರೆ 120 ಲೀಟರ್. ತಳದಲ್ಲಿ ನೀರು ನಿಧಾನ ಹರಿಯುವುದರಿಂದ 0.8ರಿಂದ ಗುಣಿಸಿ. ಸೆಕೆಂಡಿಗೆ ಸುಮಾರು 96 ಲೀಟರ್. ನವೆಂಬರಿನಿಂದ ಫೆಬ್ರವರಿವರೆಗೆ ಈ ಅಂಕಿ ಹೇಗೆ ಇಳಿಯುತ್ತದೆ ಎಂಬುದು ಕಟ್ಟ ಕಟ್ಟಲು ಹೊರಟಾಗ ಬೇಕಾಗುತ್ತದೆ.

## ಹಂತ 9: ನೋಟ್‌ಬುಕ್

ಒಂದೇ ಪುಸ್ತಕ, ಒಂದೇ ಕ್ರಮ. ಒಂದು ಪುಟ ಹೀಗಿರಲಿ: "ಬೆಳಿಗ್ಗೆ 7.20. ಕೆಳಗಿನ ಸಂಕ. ನಿನ್ನೆ ಮಳೆ ಇಲ್ಲ. ಇಳಿತ. ನೀರು ತಿಳಿ, ವಾಸನೆ ಇಲ್ಲ. ಪಿಎಚ್ 6.2. ಟಿಡಿಎಸ್ 74. ಎಡದಂಡೆ ಪೈಪು 3ರಿಂದ ಹೆಬ್ಬೆರಳು ದಪ್ಪ ನೀರು, ಸೋಪಿನ ನೊರೆ. ಮಿಂಚುಳ್ಳಿ 1."

ಕಂಡದ್ದು ಬರೆಯಿರಿ, ಊಹೆ ಬರೆಯಬೇಡಿ. "ಹೋಟೆಲಿನವರು ಕೊಳಚೆ ಬಿಟ್ಟಿದ್ದಾರೆ" ಎಂಬುದು ಊಹೆ. "ಪೈಪು 3ರಿಂದ ಬೂದು ನೀರು, ಅನ್ನದ ಅಗುಳು" ಎಂಬುದು ಕಂಡದ್ದು. ಏನೂ ವಿಶೇಷ ಇಲ್ಲದ ದಿನವೂ ಬರೆಯಬೇಕು. ಮುಂದೆ ಏನಾದರೂ ಕೆಟ್ಟಾಗ ಮೊದಲು ಹೇಗಿತ್ತು ಎಂದು ಹೇಳುವುದು ಆ ಪುಟಗಳೇ. ಪ್ರತಿ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಒಂದು ಪುಸ್ತಕ ಮಳೆಗೆ ನೆನೆದು ಹೋದರೆ ಒಂದು ವರ್ಷ ಹೋಯಿತು.

## ಹಂತ 10: ತೊಂದರೆ ಕಂಡಾಗ ಯಾರ ಹತ್ತಿರ ಹೋಗಬೇಕು

ಮೊದಲು ಆ ಮನೆಗೇ ಹೋಗಿ. ಇಬ್ಬರೇ ಹೋಗಿ, ಮೊಬೈಲ್ ಜೇಬಿನಲ್ಲಿರಲಿ. ಎಷ್ಟೋ ಮನೆಯವರಿಗೆ ಬಚ್ಚಲ ನೀರು ತೋಡಿಗೆ ಇಳಿಯುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹಿತ್ತಲಲ್ಲಿ ಇಂಗುಗುಂಡಿ ತೆಗೆಯಲು ನೀವೇ ಕೈ ಜೋಡಿಸಿದರೆ ಅರ್ಧ ಪೈಪುಗಳು ಇಲ್ಲೇ ನಿಲ್ಲುತ್ತವೆ.

ತೋಟದವರ ಜೊತೆ ಜೂನ್‌ಗೆ ಮೊದಲೇ ಮಾತಾಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ಅವರಿಗೆ ಅನಿವಾರ್ಯ, ಅದನ್ನು ನಿಲ್ಲಿಸಿ ಎನ್ನಬೇಡಿ. ಡ್ರಮ್ಮು, ಪಂಪು ತೋಡಿನಲ್ಲಿ ತೊಳೆಯಬೇಡಿ, ಉಳಿದದ್ದನ್ನು ನೀರಿಗೆ ಚೆಲ್ಲಬೇಡಿ ಎಂದಷ್ಟೇ ಕೇಳಿ. ಆ ದ್ರಾವಣದಲ್ಲಿರುವ ಮೈಲುತುತ್ತಿನ ತಾಮ್ರ ಮೀನಿಗೆ ವಿಷ. ಮೊದಲ ಮಳೆಗೆ ಹೊಳೆಯಿಂದ ಗದ್ದೆ ಕಡೆ ಮೊಟ್ಟೆ ಇಡಲು ಹತ್ತುವ ಮೀನುಗಳು ಅದೇ ದಿನಗಳಲ್ಲಿ ತೋಡಿನಲ್ಲಿರುತ್ತವೆ.

ಮಾತಿಗೆ ಬಗ್ಗದಿದ್ದರೆ ಪಂಚಾಯತಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ನಿಮ್ಮಲ್ಲಿ ಅದರ ಸದಸ್ಯರು ಯಾರು ಎಂದು ಕೇಳಿ. ಪೇಟೆಯವರು ನಗರಸಭೆ ಅಥವಾ ಪಾಲಿಕೆಗೆ ಹೋಗಬೇಕು. ಕಾರ್ಖಾನೆ, ದೊಡ್ಡ ಕಟ್ಟಡ, ಟ್ಯಾಂಕರಿನ ವಿಷಯವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ತೋಡಿಗೆ, ಬಾವಿಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ.

ದೂರಿನಲ್ಲಿ ಜಾಗದ ಗುರುತು, ಸರ್ವೆ ನಂಬರ್, ಕನಿಷ್ಠ ಮೂರು ಬೇರೆ ಬೇರೆ ದಿನದ ದಿನಾಂಕ ಮತ್ತು ಹೊತ್ತು, ಸುತ್ತಲಿನ ಗುರುತು ಕಾಣುವ ಫೋಟೋ ಇರಲಿ. ಸಿಟ್ಟಿನ ಮಾತು ಬೇಡ. ಉತ್ತರ ಬರದಿದ್ದರೆ ದೂರಿನ ಮೇಲೆ ಏನು ಕ್ರಮ ಆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಬೆದರಿಕೆ ಬಂದರೆ ಆ ಕೆಲಸವನ್ನು ಸ್ವಯಂಸೇವಕರಿಂದ ತೆಗೆದು ಪಂಚಾಯತಿನ ಕೈಗೆ ಬಿಡಿ. ರಾತ್ರಿ ಟ್ಯಾಂಕರ್ ಹಿಂಬಾಲಿಸುವುದು ಖಂಡಿತ ಬೇಡ. ನಂಬರ್ ಬರೆದುಕೊಂಡು 112ಕ್ಕೆ ಫೋನ್ ಮಾಡಿ.

## ಹಂತ 11: ಈಗ ಕೈ ಕೆಲಸ

ಕಟ್ಟ, ನವೆಂಬರ್ ಕೊನೆಯಿಂದ ಡಿಸೆಂಬರ್. ಬೇಗ ಕಟ್ಟಿದರೆ ಅಕಾಲ ಮಳೆಗೆ ಕೊಚ್ಚಿಹೋಗುತ್ತದೆ, ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ತೋಡು ಕಿರಿದಾಗಿ, ಎರಡೂ ದಂಡೆ ಗಟ್ಟಿ ಇರುವ ಜಾಗ ಆರಿಸಿ. ಕೆಳಗಿನ ಗದ್ದೆಯವರ ಒಪ್ಪಿಗೆ ಇಲ್ಲದೆ ಕಟ್ಟಬೇಡಿ. ಅವರ ಕೊಳಕೆ (ಬೇಸಿಗೆಯ ಭತ್ತ) ಬೆಳೆಗೂ ನೀರು ಹೋಗಬೇಕಲ್ವಾ? ಹೆಚ್ಚಾದ ನೀರು ಮೇಲಿನಿಂದ ದಾಟುವಂತೆ ಎತ್ತರ ಇಡಿ. ಹಿರಿಯರು ಬಿದಿರು, ಅಡಿಕೆ ಮರದ ಗೂಟ ಎರಡು ಸಾಲು ಹೊಡೆದು ನಡುವೆ ಸೊಪ್ಪು, ಜೇಡಿಮಣ್ಣು ತುಂಬುತ್ತಿದ್ದರು. ಆಗುವುದಾದರೆ ಹಾಗೇ ಮಾಡಿ. ಪ್ಲಾಸ್ಟಿಕ್ ಚೀಲ ಬಳಸಿದರೆ ಎಣಿಸಿ ಹಾಕಿ. ಬಿಸಿಲಿಗೆ ಅವು ಹುಡಿಯಾಗುತ್ತವೆ. ಹಾಕಿದ್ದು 140 ಆದರೆ ಮೇ ತಿಂಗಳಲ್ಲಿ ತೆಗೆದದ್ದೂ 140 ಆಗಬೇಕು. ಹತ್ತಿರದ ಎರಡು ಬಾವಿಗಳಲ್ಲಿ ಪ್ರತಿ ತಿಂಗಳು ಒಂದನೇ ತಾರೀಕು ಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆಯಿರಿ. ಕಟ್ಟದಿಂದ ಏನು ಲಾಭ ಎಂದು ಕೇಳುವವರಿಗೆ ಈ ಅಳತೆಯೇ ಉತ್ತರ ಕೊಡುತ್ತದೆ.

ಕಸ ತೆಗೆಯುವುದು, ಏಪ್ರಿಲ್ ಮತ್ತು ಮೇ. ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು ಮುಗಿಸುವುದು ಎಂದು ಗಡುವು ಇಟ್ಟುಕೊಳ್ಳಿ. ಮಂಗಳೂರಲ್ಲಿ 2018ರಲ್ಲಿ ಮೇ 29ರಂದೇ ನೆರೆ ಬಂದಿತ್ತು. ಕಟ್ಟ ಬಿಚ್ಚುವುದೂ ಇದೇ ದಿನಗಳಲ್ಲಿ. ತೆಗೆದ ಕಸವನ್ನು ದಂಡೆಯಲ್ಲಿ ರಾಶಿ ಹಾಕಿ ಹೋಗಬೇಡಿ. ಸಾಗಿಸುವ ವಾಹನ ಗೊತ್ತಾದ ಮೇಲೆ ದಿನ ನಿಗದಿ ಮಾಡಿ.

ದಂಡೆಯ ಗಿಡ. ಇಲ್ಲಿ ನಮ್ಮ ಎರಡನೇ ದೊಡ್ಡ ತಪ್ಪು ಹೇಳಬೇಕು. ಒಂದು ವರ್ಷ ತೋಡು "ಅಚ್ಚುಕಟ್ಟು" ಆಗಲಿ ಎಂದು ಜೆಸಿಬಿ ತರಿಸಿ ಎರಡೂ ಬದಿ ಕೆರೆಸಿದೆವು. ಕೇದಗೆ ಮುಳ್ಳು, ಹೊಂಗೆ, ಬಿದಿರಿನ ಹಿಂಡು ಎಲ್ಲ ಹೋಯಿತು. ಫೋಟೋದಲ್ಲಿ ಚಂದ ಕಂಡಿತು. ಜುಲೈನಲ್ಲಿ ಬಲದಂಡೆ ಕುಸಿದು ಒಬ್ಬರ ಏಣೇಲು (ಮಳೆಗಾಲದ ಭತ್ತ) ಗದ್ದೆಯ ಅಂಚು ನೀರು ಪಾಲಾಯಿತು. ಮಣ್ಣು ಹಿಡಿದಿದ್ದದ್ದು ಅದೇ ಕೇದಗೆಯ ಬೇರು. ನಮ್ಮ ಬಯಲಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬರಿ ಮಣ್ಣಿನ ದಂಡೆ ಅದನ್ನು ತಡೆಯುವುದಿಲ್ಲ. ಹರಿವಿಗೆ ಅಡ್ಡ ಬಿದ್ದ ಕೊಂಬೆ ಮಾತ್ರ ಕತ್ತಿಯಿಂದ ಬಿಡಿಸಿ, ಬೇರು ಮುಟ್ಟಬೇಡಿ. ಕುಸಿದ ಕಡೆ ಜೂನ್ ಮೊದಲ ಮಳೆಗೆ ಲಾವಂಚ, ಕೇದಗೆ, ಹೊಂಗೆ ನೆಡಿ. ಅಳಿವೆ ಹತ್ತಿರದವರು ಕಾಂಡ್ಲದ (ಮ್ಯಾಂಗ್ರೋವ್) ಒಂದು ಕೊಂಬೆಯನ್ನೂ ಕಡಿಯಬೇಡಿ.

## ಹಂತ 12: ಎರಡನೇ ವರ್ಷ

ಮೊದಲ ತಂಡದ ನಾಲ್ಕು ಜನರಿಗೆ ಒಂದೊಂದು ಪಾಠ ವಹಿಸಿ. ಒಬ್ಬರು ಸುರಕ್ಷತೆ, ಒಬ್ಬರು ಹುಳು, ಒಬ್ಬರು ಅಳತೆ, ಒಬ್ಬರು ನೋಟ್‌ಬುಕ್. ಮುಂದಿನ ಅಕ್ಟೋಬರಿನಲ್ಲಿ ಮೇಲಿನ ಸಂಕದ ಆಚೆಯವರಿಗೆ ಅವರೇ ಕಲಿಸಲಿ. ನೀವು ಹಿಂದೆ ನಿಂತು ಕೇಳಿ, ತಪ್ಪಿದ್ದನ್ನು ಆಮೇಲೆ ಹೇಳಿ.

ತಂಡ ಸೊರಗುತ್ತಿದ್ದರೆ ಕೆಲವು ಗುರುತು ಮೊದಲೇ ಕಾಣುತ್ತವೆ. ಗ್ರೂಪಿನಲ್ಲಿ ತೋಡಿನ ಫೋಟೋ ಕಡಿಮೆಯಾಗಿ ಗುಡ್ ಮಾರ್ನಿಂಗ್ ಜಾಸ್ತಿಯಾಗುತ್ತದೆ. ಅಳೆಯುವ ಕೆಲಸ ಒಬ್ಬರ ಮೇಲೇ ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ವಾರ ಸತತ ಖಾಲಿ. ಹೀಗಾದಾಗ ದೊಡ್ಡ ಸಭೆ ಕರೆಯಬೇಡಿ. ಪುಸ್ತಕ ಯಾರ ಮನೆಯಲ್ಲಿದೆ ಕೇಳಿ ಹೋಗಿ ತನ್ನಿ. ಬರುವ ಭಾನುವಾರ ಏಳು ಗಂಟೆಗೆ ಕೆಳಗಿನ ಸಂಕದ ಹತ್ತಿರ ಬನ್ನಿ ಎಂದು ಇಬ್ಬರಿಗೆ ಫೋನ್ ಮಾಡಿ. ಮೂರು ಜನ ಸೇರಿದರೂ ಪೈಪು 1ರಿಂದ ಮತ್ತೆ ಬರೆಯಲು ಶುರು ಮಾಡಿ.